ನೀವು ಕೇಳಿದ್ದೀರಿ: ಕುಡಿಯುವ ನೀರಿನಲ್ಲಿ ಕಣ್ಣಿಗೆ ಕಾಣದ್ದು

ಹಿಂದಿನ ಸಂಚಿಕೆಯಲ್ಲಿ ಬೋರ್‌ವೆಲ್ ನೀರಿನ ಬಗ್ಗೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಬಂದ ಪತ್ರಗಳನ್ನು ನೋಡಿ ಈ ಸಲ ಪೂರ್ತಿ ಅಂಕಣವನ್ನೇ ನೀರಿಗೆ ಬಿಟ್ಟುಕೊಟ್ಟಿದ್ದೇನೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಊರಿನ ಹೆಸರು ಇದೆ, ಬರೆದವರ ಹೆಸರಿಲ್ಲ. "ಪಂಚಾಯ್ತಿಯವರಿಗೆ ಗೊತ್ತಾದರೆ ನಾಳೆ ನಮ್ಮ ಬೀದಿಗೆ ನೀರೇ ಬಿಡಲ್ಲ" ಅಂತ ಒಬ್ಬರು ಬರೆದಿದ್ದಾರೆ. ಆ ಭಯ ಸುಳ್ಳಲ್ಲ ಅಂತ ನನಗೂ ಗೊತ್ತು.

ನನ್ನ ಮಗನಿಗೆ ಒಂಬತ್ತು ವರ್ಷ. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆ ಇದೆ. ದಿನಾ ಎರಡು ಸಲ ಹಲ್ಲು ಉಜ್ಜಿಸುತ್ತೇನೆ, ಹೋಗುತ್ತಿಲ್ಲ. ಶಾಲೆಯಲ್ಲಿ ಮಕ್ಕಳು ಆಡಿಕೊಳ್ಳುತ್ತಾರೆ ಅಂತ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಾನೆ. ಮಗಳಿಗೆ ಎರಡು ವರ್ಷ. ಅವಳಿಗೂ ಹೀಗೇ ಆಗುತ್ತಾ? — ಪಾವಗಡ ತಾಲ್ಲೂಕಿನ ಒಬ್ಬ ತಾಯಿ

ಮೊದಲು ಮಗನ ವಿಷಯ. ಉಜ್ಜುವುದರಲ್ಲಿ ನಿಮ್ಮ ತಪ್ಪಿಲ್ಲ, ಇನ್ನೂ ಜೋರಾಗಿ ಉಜ್ಜಿಸಬೇಡಿ. ನೀವು ಹೇಳುವ ಗೆರೆ ಹಲ್ಲಿನ ಅಡ್ಡಕ್ಕೆ ಇದ್ದು, ಎಡಗಡೆ ಬಲಗಡೆ ಜೋಡಿ ಹಲ್ಲುಗಳಲ್ಲಿ ಒಂದೇ ಥರ ಕಾಣುತ್ತಿದ್ದರೆ ಅದು ಬಹುಪಾಲು ನೀರಿನಲ್ಲಿ ಕರಗಿರುವ ಫ್ಲೋರೈಡ್ ಅನ್ನುವ ಲವಣದ್ದು. ಕೊಳೆ ಅಥವಾ ಹುಳುಕು ಆದರೆ ಒಸಡಿನ ಅಂಚಲ್ಲಿ, ಹಲ್ಲುಗಳ ಸಂದಿಯಲ್ಲಿ ಶುರುವಾಗುತ್ತದೆ. ದಂತವೈದ್ಯರಿಗೆ ಒಂದು ಸಲ ತೋರಿಸಿ, ನೋಡಿದ ಕೂಡಲೇ ಹೇಳುತ್ತಾರೆ.

ಹಲ್ಲಿನ ಮೇಲಿನ ಗಟ್ಟಿ ಪದರ ಒಸಡಿನೊಳಗೇ ತಯಾರಾಗುವುದು. ಹುಟ್ಟಿದಾಗಿನಿಂದ ಹೆಚ್ಚುಕಡಿಮೆ ಎಂಟು ವರ್ಷದವರೆಗೆ ಆ ಕೆಲಸ ನಡೆಯುತ್ತದೆ. ಆ ಸಮಯದಲ್ಲಿ ಕುಡಿದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದರೆ ಪದರ ಸರಿಯಾಗಿ ಕೂಡುವುದಿಲ್ಲ. ಮೊದಲು ಸೀಮೆಸುಣ್ಣದ ಥರ ಬಿಳಿ ಮಚ್ಚೆ, ಹಲ್ಲು ಹೊರಗೆ ಬಂದಮೇಲೆ ನಿಧಾನಕ್ಕೆ ಅದೇ ಜಾಗ ಕಂದು. ಅಂದರೆ ನಿಮ್ಮ ಮಗನ ಹಲ್ಲಿನ ಗೆರೆ ಅವನು ಹುಟ್ಟಿದ ಮೊದಲ ಮೂರು ನಾಲ್ಕು ವರ್ಷಗಳಲ್ಲಿ ಕುಡಿದ ನೀರಿನದು. ಈಗ ನೀರು ಬದಲಾಯಿಸಿದರೂ ಆ ಗೆರೆ ಹೋಗುವುದಿಲ್ಲ. ಆದರೂ ಬದಲಾಯಿಸಲೇಬೇಕು, ಯಾಕೆಂದರೆ ಹಲ್ಲಾದಮೇಲೆ ಮೂಳೆಯ ಸರದಿ. ಇಪ್ಪತ್ತು ಮೂವತ್ತು ವರ್ಷ ಅದೇ ನೀರು ಕುಡಿದವರಿಗೆ ಸೊಂಟ, ಮಂಡಿ, ಕತ್ತು ಬಿಗಿಯುತ್ತದೆ. ಕೊನೆಗೆ ಬೆನ್ನು ಬಾಗಿಬಿಡುತ್ತದೆ. ನಿಮ್ಮ ಕಡೆ ಅಂಥ ಅಜ್ಜಂದಿರನ್ನು ನೀವೇ ನೋಡಿರುತ್ತೀರಿ, "ವಯಸ್ಸಾಯ್ತು" ಅಂತ ಎಲ್ಲರೂ ಸುಮ್ಮನಾಗಿರುತ್ತಾರೆ. ನಮ್ಮ ದೇಶದಲ್ಲಿ ಈ ಕಾಯಿಲೆ ಮೊದಲು ದಾಖಲಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ. ಅಲ್ಲಿಂದ ಇಲ್ಲಿಯವರೆಗೆ ಕಾರಣ ಗೊತ್ತು, ಪರಿಹಾರ ಗೊತ್ತು, ನೀರು ಮಾತ್ರ ಎಷ್ಟೋ ಊರುಗಳಲ್ಲಿ ಅದೇ.

ಈ ಫ್ಲೋರೈಡ್ ಯಾವ ಕಾರ್ಖಾನೆಯಿಂದಲೂ ಬಂದದ್ದಲ್ಲ. ನಿಮ್ಮ ನೆಲದ ಕೆಳಗಿನ ಬಂಡೆಯಲ್ಲೇ ಇದೆ. ಪಾವಗಡ, ಬಾಗೇಪಲ್ಲಿ, ಕೋಲಾರ, ಚಿತ್ರದುರ್ಗ, ಇತ್ತ ಕೊಪ್ಪಳ, ಗದಗ, ರಾಯಚೂರು, ಎಲ್ಲ ಕಡೆ ಇದೇ ಕಥೆ. ನೀರು ಬಂಡೆಯ ಸಂದಿಯಲ್ಲಿ ಜಾಸ್ತಿ ಕಾಲ ನಿಂತಷ್ಟೂ ಜಾಸ್ತಿ ಕರಗಿಸಿಕೊಳ್ಳುತ್ತದೆ. ಮೊದಲು ತೆರೆದ ಬಾವಿಯಲ್ಲಿ ಪ್ರತಿ ಮಳೆಗಾಲ ಹೊಸ ನೀರು ಬರುತ್ತಿತ್ತು. ಈಗ ಸಾವಿರ ಅಡಿ, ಸಾವಿರದ ಐನೂರು ಅಡಿ ಕೊರೆದು ಎಷ್ಟೋ ಕಾಲದಿಂದ ನಿಂತ ನೀರನ್ನು ಎತ್ತುತ್ತಿದ್ದೇವೆ. ಫ್ಲೋರೈಡ್ ಒಂದೇ ಅಲ್ಲ, ಪೂರ್ವದ ಜಿಲ್ಲೆಗಳ ಕೆಲವು ಆಳದ ಬೋರ್‌ವೆಲ್‌ಗಳಲ್ಲಿ ಯುರೇನಿಯಂ ಕೂಡ ಮಿತಿ ಮೀರಿ ಸಿಕ್ಕಿದೆ. ಹೆಸರು ಕೇಳಿ ಬಾಂಬು, ವಿಕಿರಣ ಅಂತ ಹೆದರಬೇಡಿ, ನೀರಿನಲ್ಲಿ ಅದರ ಮುಖ್ಯ ಹೊಡೆತ ಮೂತ್ರಪಿಂಡಕ್ಕೆ.

ಇನ್ನು ಮಗಳು. ಅವಳ ಕಾಯಂ ಹಲ್ಲುಗಳು ಈಗ ತಯಾರಾಗುತ್ತಿವೆ. ಹಾಗಾಗಿ ಇದೇ ಸರಿಯಾದ ಸಮಯ, ಇವತ್ತಿನಿಂದಲೇ. ಎದೆಹಾಲು ಇನ್ನೂ ಕುಡಿಯುತ್ತಿದ್ದರೆ ಅದರ ಬಗ್ಗೆ ಚಿಂತೆ ಬೇಡ, ತಾಯಿ ಎಂಥ ನೀರು ಕುಡಿದರೂ ಎದೆಹಾಲಿಗೆ ಹೋಗುವ ಫ್ಲೋರೈಡ್ ತೀರಾ ಕಡಿಮೆ. ಅವಳ ಕುಡಿಯುವ ನೀರು ಮತ್ತು ಅಡುಗೆಯ ನೀರು ಎರಡನ್ನೂ ಬದಲಾಯಿಸಿ. ಅಡುಗೆಯದನ್ನು ತುಂಬಾ ಜನ ಮರೆಯುತ್ತಾರೆ. ಫಿಲ್ಟರ್ ನೀರು ತಂದು ಕುಡಿಯಲು ಇಟ್ಟು, ಮುದ್ದೆಗೆ, ಸಾರಿಗೆ, ಅನ್ನಕ್ಕೆ ನಲ್ಲಿ ನೀರು ಹಾಕಿದರೆ ಅರ್ಧ ಕೆಲಸ ಮಾಡಿದ ಹಾಗೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಬೋರ್ ನೀರೇ ಸಾಕು. ಕರಿ ಉಪ್ಪು, ಕಪ್ಪು ಚಹಾ ಇವುಗಳಲ್ಲಿ ಫ್ಲೋರೈಡ್ ಇರುತ್ತದೆ, ಮಕ್ಕಳಿಗೆ ಬೇಡ. ಹಾಲು, ರಾಗಿ, ನುಗ್ಗೆಸೊಪ್ಪು, ನೆಲ್ಲಿಕಾಯಿ ಚೆನ್ನಾಗಿ ಕೊಡಿ. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡ್ ಮೈಗೆ ಹತ್ತುವುದು ಕಡಿಮೆ.

ಮಗನ ಹಲ್ಲಿಗೆ ದಂತವೈದ್ಯರು ಮೇಲ್ಪದರ ತೆಳ್ಳಗೆ ಉಜ್ಜುವುದು, ಹಲ್ಲಿನ ಬಣ್ಣದ ಲೇಪ ಹಾಕುವುದು ಎಲ್ಲ ಮಾಡುತ್ತಾರೆ. ಅವಸರ ಬೇಡ, ಸ್ವಲ್ಪ ದೊಡ್ಡವನಾಗಲಿ. ಅಲ್ಲಿಯವರೆಗೆ ಅವನಿಗೆ ಒಂದು ಮಾತು ಹೇಳಿ: ಇದು ಕೊಳಕು ಅಲ್ಲ, ನೀರಿಂದ ಆದದ್ದು, ಆಡಿಕೊಳ್ಳುವ ಹುಡುಗರಲ್ಲಿ ಎಷ್ಟೋ ಜನಕ್ಕೆ ಇದೇ ಗೆರೆ ಇರುತ್ತದೆ.

ನೀರು ಕಾಯಿಸಿ ಆರಿಸಿ ಕುಡಿದರೆ ಈ ರಾಸಾಯನಿಕಗಳು ಹೋಗುತ್ತವಾ? — ಚಿಂತಾಮಣಿ, ಮುಳಬಾಗಿಲು, ಹಿರಿಯೂರು, ಇನ್ನೂ ಕೆಲವು ಊರುಗಳಿಂದ

ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು, ಉಳಿಯುವುದು ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್. ಹತ್ತು ಲೀಟರ್ ಕಾಯಿಸಿ ಒಂಬತ್ತು ಆದರೆ ಅಷ್ಟೂ ಆ ಒಂಬತ್ತರಲ್ಲೇ ಸೇರಿಕೊಂಡಿರುತ್ತದೆ. ಪಟಿಕ ಆಡಿಸಿದರೆ ಕೆಸರು ಕೆಳಗೆ ಕೂರುತ್ತದೆ, ಕರಗಿರುವುದು ಕೂರುವುದಿಲ್ಲ. ಬಟ್ಟೆಯಲ್ಲಿ ಸೋಸಿದರೂ ಅಷ್ಟೇ, ತಾಮ್ರದ ಬಿಂದಿಗೆಯಲ್ಲಿ ಇಟ್ಟರೂ ಅಷ್ಟೇ.

ಹಾಗಂತ ಕಾಯಿಸುವುದನ್ನು ಬಿಡಬೇಡಿ! ಕಾಯಿಸುವುದು ರೋಗಾಣುಗಳಿಗೆ. ನಿಧಾನವಾಗಿ ಕೆಡಿಸುವುದು ರಾಸಾಯನಿಕ, ಎರಡು ದಿನದಲ್ಲಿ ಮಲಗಿಸುವುದು ರೋಗಾಣು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನೀರು ಕುಡಿದು ಜನ ಸತ್ತಾಗ ಟ್ಯಾಂಕಿಗೆ ಯಾರೋ ವಿಷ ಹಾಕಿದ್ದಾರೆ ಅಂತಲೇ ಮೊದಲು ಸುದ್ದಿ ಹಬ್ಬಿತು. ಆಮೇಲೆ ಪರೀಕ್ಷೆಯಲ್ಲಿ ಸಿಕ್ಕಿದ್ದು ಕಾಲರಾ ರೋಗಾಣು. ಬ್ಲೀಚಿಂಗ್ ಪೌಡರ್ ವಾಸನೆ ಬರುತ್ತದೆ ಅಂತ ನೀರುಗಂಟಿಯನ್ನು ಬೈಯುವವರಿಗೂ ಇದನ್ನೇ ಹೇಳುತ್ತೇನೆ. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತಲೇ ನಿಯಮ. ಸ್ವಲ್ಪ ವಾಸನೆ ಬಂದರೆ ಅವನು ಕೆಲಸ ಮಾಡಿದ್ದಾನೆ ಅಂತ ಅರ್ಥ.

ಒಬ್ಬ ಹುಡುಗ ಮನೆಗೆ ಬಂದು ನಮ್ಮ ನಲ್ಲಿ ನೀರಿಗೆ ಎರಡು ಕಡ್ಡಿ ಇಳಿಸಿ ಸ್ವಿಚ್ ಹಾಕಿದ. ಎರಡೇ ನಿಮಿಷದಲ್ಲಿ ನೀರು ಕಂದು ಬಣ್ಣ, ಮೇಲೆ ನೊರೆ. ಅವನ ಕಂಪನಿಯ ಆರ್‌ಒ ನೀರು ಹಾಗೇ ತಿಳಿಯಾಗಿತ್ತು. "ನೀವು ದಿನಾ ಕುಡಿಯೋದು ಇದನ್ನೇ ಆಂಟಿ" ಅಂದ. ನನ್ನವರು ಅವತ್ತೇ ಮುಂಗಡ ಕೊಟ್ಟುಬಿಟ್ಟರು. — ಬೆಂಗಳೂರು, ಕಾವೇರಿ ನೀರು ಬರುವ ಬಡಾವಣೆ

ಮುಂಗಡ ವಾಪಸ್ ಕೇಳಿ, ಕೊಡುತ್ತಾರೋ ಇಲ್ಲವೋ, ಕೇಳುವುದಕ್ಕೇನು.

ಆ ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ವಿದ್ಯುತ್ ಹರಿದರೆ ಕಬ್ಬಿಣ ಕರಗಿ ತುಕ್ಕಾಗಿ ನೀರಿಗೆ ಇಳಿಯುತ್ತದೆ. ನೀವು ನೋಡಿದ ಕಂದು ರಾಡಿ ಅದೇ, ಕಡ್ಡಿಯದ್ದು, ನೀರಿನದ್ದಲ್ಲ. ಲವಣ ಇರುವ ನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಆರ್‌ಒ ನೀರು ಅಂದರೆ ತೆಳು ಪೊರೆಯ ಮೂಲಕ ಒತ್ತಿ ಸೋಸಿದ್ದು, ಅದರಲ್ಲಿ ಲವಣ ಕಮ್ಮಿ, ಹಾಗಾಗಿ ಹರಿಯುವುದಿಲ್ಲ, ಕಡ್ಡಿಯೂ ಕರಗುವುದಿಲ್ಲ. ಆ ಹುಡುಗ ಮತ್ತೆ ಬಂದರೆ ಅವನ ಆರ್‌ಒ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಈಗ ಸ್ವಿಚ್ ಹಾಕಪ್ಪಾ ಅನ್ನಿ. ಅದೂ ಕಂದಾಗುತ್ತದೆ. ಎಳನೀರಿಗೆ ಇಳಿಸಿದರೂ ಆಗುತ್ತದೆ. ಅವನ ಮುಖ ನೋಡುವುದಕ್ಕೆ ನಾನು ಅಲ್ಲಿರಬೇಕಿತ್ತು.

ಇನ್ನು ಪೆನ್ನಿನ ಥರ ಇರುವ ಟಿಡಿಎಸ್ ಮೀಟರ್. ಅದು ಸುಳ್ಳು ಹೇಳುವುದಿಲ್ಲ, ಆದರೆ ಅದು ಹೇಳುವುದು ಒಂದೇ ಸಂಗತಿ: ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ. ಯಾವ ಲವಣ ಅಂತ ಅದಕ್ಕೆ ಗೊತ್ತಿಲ್ಲ. ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೊದ ಮಾನದಂಡದಲ್ಲಿ ಲೀಟರಿಗೆ 500 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ಪರವಾಗಿಲ್ಲ. ಆರ್ಸೆನಿಕ್‌ಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಐದು ಪಟ್ಟು ಇದ್ದರೂ ಪೆನ್ನಿನಲ್ಲಿ ಅಂಕಿ ಒಂದೂ ಮೇಲೇರುವುದಿಲ್ಲ. ಪೆನ್ನಿನಲ್ಲಿ 300 ಬಂದ ನೀರಿನಲ್ಲಿ ಕೆಟ್ಟದ್ದು ಇರಬಹುದು, 900 ಬಂದ ನೀರಿನಲ್ಲಿ ಸುಮ್ನೆ ಸುಣ್ಣದಂಶ ಜಾಸ್ತಿ ಇರಬಹುದು, ಅಷ್ಟೇ.

ಕಾವೇರಿ ನೀರಿನ ಟಿಡಿಎಸ್ 500ಕ್ಕಿಂತ ತುಂಬಾ ಕೆಳಗೇ ಇರುತ್ತದೆ. ಅದಕ್ಕೆ ಆರ್‌ಒ ಬೇಕಿಲ್ಲ. ಟ್ಯಾಂಕ್, ಸಂಪು ತೊಳೆಸಿ, ಕಾಯಿಸಿ ಕುಡಿಯಿರಿ, ಇಲ್ಲವೇ ನೇರಳಾತೀತ ಬೆಳಕಿನಿಂದ ರೋಗಾಣು ಕೊಲ್ಲುವ ಯುವಿ ಫಿಲ್ಟರ್ ಸಾಕು. ಒಂದು ಲೀಟರ್ ಆರ್‌ಒ ನೀರಿಗೆ ಎರಡು ಮೂರು ಲೀಟರ್ ಮೋರಿಗೆ ಹೋಗುತ್ತದೆ, ಅದೂ ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ನೀರು. ಬೋರ್‌ವೆಲ್ ಮಾತ್ರ ಇರುವ ಬಡಾವಣೆಯವರ ವಿಷಯ ಬೇರೆ. ಅವರು ಮೊದಲು ಪರೀಕ್ಷೆ ಮಾಡಿಸಲಿ, ಫ್ಲೋರೈಡೋ ನೈಟ್ರೇಟೋ ಮಿತಿ ಮೀರಿದ್ದರೆ ಆಗ ಆರ್‌ಒ ಹಾಕಿಸುವುದರಲ್ಲಿ ಅರ್ಥವಿದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ ಮನೆ ಇದ್ದರೆ ಕ್ರೋಮಿಯಂ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ಮಾಮೂಲಿ ಪಟ್ಟಿಯಲ್ಲಿ ಅದು ಇರುವುದಿಲ್ಲ. ಅಲ್ಲಿ ಲೋಹಕ್ಕೆ ಮೆರುಗು ಕೊಡುವ ಘಟಕಗಳಿಂದ ಅದು ನೆಲಕ್ಕೆ ಇಳಿದಿದೆ.

ಗಡುಸು ನೀರಿನಿಂದ ಕಿಡ್ನಿ ಕಲ್ಲು ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. — ತಿಪಟೂರು

ಹೇಳುತ್ತಾರೆ, ಆದರೆ ಅದಕ್ಕೆ ಗಟ್ಟಿ ಆಧಾರ ಇಲ್ಲ. ಪಾತ್ರೆ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ನೋಡಿ ಕಿಡ್ನಿಯಲ್ಲೂ ಹಾಗೇ ಕಟ್ಟುತ್ತದೆ ಅಂದುಕೊಳ್ಳುತ್ತೇವೆ. ಕಲ್ಲಿಗೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು, ಅದೂ ಬಿಸಿಲಲ್ಲಿ ದುಡಿಯುವವರು. ಗಡುಸು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರ್ ಹಾಳಾಗುತ್ತದೆ. ಇವೆಲ್ಲ ನಿಜ.

ನಮ್ಮೂರಿನ ಶುದ್ಧ ನೀರಿನ ಘಟಕದಲ್ಲಿ 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಬರುತ್ತದೆ. ಈಚೆಗೆ ನೀರು ಬೋರ್ ನೀರಿನ ಹಾಗೇ ಉಪ್ಪುಪ್ಪು. ನೋಡಿಕೊಳ್ಳುವವನನ್ನು ಕೇಳಿದರೆ ಮಷಿನ್ ಓಡ್ತಾ ಇದೆಯಲ್ಲ ಅನ್ನುತ್ತಾನೆ. — ಸಿಂಧನೂರು ತಾಲ್ಲೂಕು

ನಿಮ್ಮ ನಾಲಿಗೆ ಸರಿಯಾಗೇ ಹೇಳುತ್ತಿದೆ. ಮಷಿನ್ ಓಡುತ್ತಿರುತ್ತದೆ, ಒಳಗಿನ ಪೊರೆ ಹೋಗಿರುತ್ತದೆ. ಪೊರೆ ಹರಿದರೆ ಅಥವಾ ಅದರ ಜೋಡಣೆ ಸಡಿಲವಾದರೆ ಬೋರ್ ನೀರು ನೇರವಾಗಿ ಶುದ್ಧ ನೀರಿನ ಕಡೆಗೆ ನುಗ್ಗುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ. ರುಚಿ ತೀರಾ ಸಪ್ಪೆ ಆಯಿತು ಅಂತ ಜನ ಗೊಣಗಿದಾಗ ಬೋರ್ ನೀರನ್ನು ಸ್ವಲ್ಪ ಬೆರೆಸುವ ವಾಲ್ವ್ ಒಂದು ಇರುತ್ತದೆ, ಅದನ್ನು ಯಾರೋ ಜಾಸ್ತಿ ತಿರುಗಿಸಿರುತ್ತಾರೆ.

ನಾನು ಮೇಲೆ ಟಿಡಿಎಸ್ ಪೆನ್ನನ್ನು ಬೈದೆ, ಇಲ್ಲಿ ಮಾತ್ರ ಅದು ಕೆಲಸಕ್ಕೆ ಬರುತ್ತದೆ. ಬೋರ್ ನೀರಿನ ಅಂಕಿ ಒಂದು, ಘಟಕದ ನೀರಿನ ಅಂಕಿ ಒಂದು ಬರೆದಿಡಿ. ಬೋರ್‌ನದು 1500 ಇದ್ದು ಘಟಕದ್ದು 100–150 ಬಂದರೆ ಪೊರೆ ಚೆನ್ನಾಗಿದೆ. ಘಟಕದ್ದೂ 700, 800 ಆದರೆ ಲವಣದ ಜೊತೆ ಫ್ಲೋರೈಡ್ ಕೂಡ ದಾಟಿ ಬರುತ್ತಿದೆ ಅಂತಲೇ ಲೆಕ್ಕ. ಪಂಚಾಯ್ತಿಗೆ ಹೋಗುವಾಗ "ರುಚಿ ಇಲ್ಲ" ಅನ್ನುವ ಬದಲು ಈ ಎರಡು ಅಂಕಿ ತೆಗೆದುಕೊಂಡು ಹೋಗಿ. ಘಟಕ ಕಟ್ಟಿ ಉದ್ಘಾಟನೆ ಮಾಡುವುದಕ್ಕೆ ಇರುವ ಉತ್ಸಾಹ ಪೊರೆ ಬದಲಾಯಿಸುವುದಕ್ಕೆ ಯಾರಿಗೂ ಇಲ್ಲ. ಟೇಪ್ ಕತ್ತರಿಸಿದ ಫೋಟೊ ಗೋಡೆ ಮೇಲೆ, ಕೆಳಗೆ ಬೀಗ ಹಾಕಿದ ಘಟಕ, ಎಷ್ಟು ಊರಲ್ಲಿ ನೋಡಿಲ್ಲ ಹೇಳಿ. ಹೊರಗೆ ಬಿಡುವ ಉಳಿಕೆ ನೀರು ಎಲ್ಲಿಗೆ ಹೋಗುತ್ತಿದೆ ಅಂತಲೂ ನೋಡಿ. ಅದೇ ಬೋರ್‌ವೆಲ್ ಬುಡದಲ್ಲಿ ಇಂಗುತ್ತಿದ್ದರೆ ಬೇರೆ ಕಡೆಗೆ ತಿರುಗಿಸಬೇಕು.

ನಾಲ್ಕು ತಿಂಗಳ ಮಗು. ನನಗೆ ಹಾಲು ಸಾಲದೆ ಡಬ್ಬಿ ಹಾಲಿನ ಪುಡಿ ಕಲಸುತ್ತಿದ್ದೇನೆ. ಬಾವಿ ಕೊಟ್ಟಿಗೆ ಪಕ್ಕದಲ್ಲಿದೆ. ನೀರು ತುಂಬಾ ತಿಳಿ, ಸಿಹಿ. ಆದರೂ ಆಶಾ ಕಾರ್ಯಕರ್ತೆ ಬೇಡ ಅನ್ನುತ್ತಾರೆ. — ಮಂಡ್ಯ ಜಿಲ್ಲೆ

ಆಶಾ ಅವರ ಮಾತು ಕೇಳಿ. ಕೊಟ್ಟಿಗೆ, ತಿಪ್ಪೆ, ಶೌಚದ ಗುಂಡಿ, ಗದ್ದೆಗೆ ಹಾಕುವ ಯೂರಿಯಾ, ಇವೆಲ್ಲದರಿಂದ ನೈಟ್ರೇಟ್ ಇಳಿದು ಬಾವಿ ಸೇರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಮಿತಿ ಲೀಟರಿಗೆ 45 ಮಿಲಿಗ್ರಾಂ. ದೊಡ್ಡವರು ಸ್ವಲ್ಪ ಹೆಚ್ಚುಕಮ್ಮಿ ತಡೆದುಕೊಳ್ಳುತ್ತಾರೆ. ಆರು ತಿಂಗಳೊಳಗಿನ ಮಗುವಿನ ರಕ್ತ ತಡೆಯುವುದಿಲ್ಲ, ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಯಾದರೆ, ಮಗು ಮಂಕಾದರೆ ಕಾಯಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ. ನೀವು ನೀರನ್ನು ಕಾಯಿಸಿಯೇ ಪುಡಿ ಕಲಸುತ್ತೀರಿ, ಅದು ಸರಿ, ಆದರೆ ನೈಟ್ರೇಟ್ ಅದರಿಂದ ಹೋಗುವುದಿಲ್ಲ. ಪರೀಕ್ಷೆಯ ವರದಿ ಬರುವವರೆಗೆ ಮಗುವಿಗೆ ನದಿ ನೀರಿನ ಸರಬರಾಜಿನದನ್ನೋ ಒಳ್ಳೆಯ ಆರ್‌ಒ ನೀರನ್ನೋ ತಂದು, ಅದನ್ನು ಕುದಿಸಿ ಬಳಸಿ. ಹಾಲು ಸಾಲುತ್ತಿಲ್ಲ ಅನ್ನುವ ವಿಷಯವನ್ನೂ ವೈದ್ಯರ ಹತ್ತಿರ ಮಾತಾಡಿ, ಎಷ್ಟೋ ಸಲ ಸರಿಪಡಿಸಬಹುದು. ತಿಪ್ಪೆಯನ್ನು ಬಾವಿಯಿಂದ 50 ಅಡಿ ಆಚೆಗಾದರೂ ಸಾಗಿಸಲು ಮನೆಯವರಿಗೆ ಹೇಳಿ.

ಕೆ.ಸಿ. ವ್ಯಾಲಿ ನೀರು ಬಂದಮೇಲೆ ನಮ್ಮ ಕೆರೆ ತುಂಬಿದೆ, ಬತ್ತಿದ ಬೋರ್‌ಗಳಲ್ಲಿ ನೀರು ಬಂದಿದೆ. ಕೆಲವರು ದೇವರು ಕೊಟ್ಟ ನೀರು ಅನ್ನುತ್ತಾರೆ, ಕೆಲವರು ಬೆಂಗಳೂರಿನ ಕಕ್ಕಸು ನೀರು ಅನ್ನುತ್ತಾರೆ. ನಾವು ಯಾರ ಮಾತು ನಂಬಬೇಕು? — ಕೋಲಾರ ತಾಲ್ಲೂಕಿನ ರೈತರೊಬ್ಬರು

ಇಬ್ಬರ ಮಾತಿನಲ್ಲೂ ನಿಜ ಇದೆ, ಅದೇ ಕಷ್ಟ.

ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಬೆಂಗಳೂರಲ್ಲಿ ಎರಡು ಹಂತದಲ್ಲಿ ಸಂಸ್ಕರಿಸಿ ಕೊಳವೆಯಲ್ಲಿ ನಿಮ್ಮ ಜಿಲ್ಲೆಗೆ ತಳ್ಳುತ್ತಾರೆ. ಯೋಜನೆಯ ಲೆಕ್ಕ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಮುಂದಿನ ತಿಂಗಳೇ ನೊರೆ ಎದ್ದಿತು. ಆಮೇಲೆ ಹೈಕೋರ್ಟು, ಸುಪ್ರೀಂ ಕೋರ್ಟು, ತಡೆ, ತಡೆ ತೆರವು, ಎಲ್ಲ ಆಯಿತು, 2019ರಿಂದ ನೀರು ಹರಿಯುತ್ತಿದೆ. ಒಂದು ಮಾತು ಮರೆಯಬೇಡಿ, ಯೋಜನೆಯ ಕಾಗದದಲ್ಲೇ ಇದು ಕುಡಿಯುವ ನೀರಲ್ಲ. ಕೆರೆ ತುಂಬಿಸಿ ಅಂತರ್ಜಲ ಏರಿಸುವುದಕ್ಕೆ ಮಾತ್ರ.

ಎರಡು ಹಂತದ ಸಂಸ್ಕರಣೆಯಲ್ಲಿ ಕೊಳೆತು ನಾರುವ ಅಂಶ, ತೇಲುವ ಕೊಳೆ ಬಹುಪಾಲು ಹೋಗುತ್ತದೆ. ನೈಟ್ರೇಟ್, ಫಾಸ್ಫೇಟ್, ಸೋಪಿನ ಪುಡಿಯ ಉಳಿಕೆ, ನಾವು ನುಂಗಿದ ಮಾತ್ರೆಗಳ ಉಳಿಕೆ ಪೂರ್ತಿ ಹೋಗುವುದಿಲ್ಲ. ಯಾವುದಾದರೂ ಕಾರ್ಖಾನೆ ಕದ್ದು ಒಳಚರಂಡಿಗೆ ಬಿಟ್ಟ ಲೋಹದ ಅಂಶ ಇದ್ದರೆ ಅದೂ ಸಂಸ್ಕರಣಾ ಘಟಕದ ಕೈಗೆ ಪೂರ್ತಿ ಸಿಗುವುದಿಲ್ಲ. ಮೂರನೇ ಹಂತದ ಸಂಸ್ಕರಣೆ ಬೇಕು ಅಂತ ಕೋಲಾರದ ಜನ ಮೊದಲಿನಿಂದಲೂ ಕೇಳುತ್ತಿರುವುದು ಇದಕ್ಕೇ, ಮತ್ತು ನನ್ನ ಪ್ರಕಾರ ಅದು ನ್ಯಾಯವಾದ ಬೇಡಿಕೆ. ಬೆಂಗಳೂರು ತನ್ನ ಕೊಳೆ ತೊಳೆಯುವ ಖರ್ಚನ್ನು ಕೋಲಾರದ ನೆಲದ ಮೇಲೆ ಹಾಕಬಾರದು.

ಇನ್ನೊಂದು ಮಗ್ಗುಲೂ ನೋಡಬೇಕಲ್ವಾ? ನೀರು ಮೇಲೆ ಬಂದರೆ ನೀವು ಸಾವಿರದ ಐನೂರು ಅಡಿಯ ಫ್ಲೋರೈಡ್ ನೀರನ್ನು ಎತ್ತುವುದು ತಪ್ಪುತ್ತದೆ. ಹೊಸ ನೀರು ಬೆರೆತು ಫ್ಲೋರೈಡ್ ಇಳಿದಿರಲೂಬಹುದು. ಒಂದು ಇಳಿದು ಇನ್ನೊಂದು, ಅಂದರೆ ನೈಟ್ರೇಟ್, ಏರಿರಲೂಬಹುದು. ಊಹೆ ಮಾಡಿ ಪ್ರಯೋಜನ ಇಲ್ಲ. ಕೆರೆ ಅಂಗಳದಲ್ಲಿ, ಕೆರೆ ಪಕ್ಕದಲ್ಲಿ ಇರುವ ಬೋರ್‌ವೆಲ್ ನೀರನ್ನು ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಂದು ಸಲ, ಮಳೆ ಮುಗಿದಮೇಲೆ ಒಂದು ಸಲ ಪರೀಕ್ಷೆ ಮಾಡಿಸಿ. ಫ್ಲೋರೈಡ್, ನೈಟ್ರೇಟ್, ರೋಗಾಣು ಮೂರೂ ಬೇಕು. ಭಾರಲೋಹಗಳನ್ನು ಒಂದು ಸಲವಾದರೂ ನೋಡಿಸಿ. ಅಲ್ಲಿಯವರೆಗೆ ಆ ಬೋರ್ ನೀರು ಹಿಪ್ಪುನೇರಳೆಗೆ ಇರಲಿ, ಕುಡಿಯಲು ಬೇಡ. ಟೊಮೆಟೊ, ಸೊಪ್ಪು ಬೆಳೆದರೆ ಚೆನ್ನಾಗಿ ತೊಳೆದು, ಸೊಪ್ಪನ್ನು ಬೇಯಿಸಿ ತಿನ್ನಿ.

ನಮ್ಮ ಕಡೆ ಚಿನ್ನದ ಗಣಿ ಇದ್ದ ಜಾಗದ ನೀರಿನಲ್ಲಿ ವಿಷ ಐತಿ ಅಂತಾರ. ಖರೇನಾ? — ಸುರಪುರ ತಾಲ್ಲೂಕು

ಖರೇ. ನಿಮ್ಮದೇ ತಾಲ್ಲೂಕಿನ ಕಿರದಳ್ಳಿ ತಾಂಡಾ ಇದಕ್ಕೆ ದೊಡ್ಡ ಉದಾಹರಣೆ. ಹತ್ತಿರದ ಮಂಗಳೂರು ಊರಲ್ಲಿ, ಕಡಲ ತೀರದ ಮಂಗಳೂರಲ್ಲ, ಹಿಂದೆ ಚಿನ್ನ ತೆಗೆದು ಬಿಟ್ಟ ಗಣಿ ಇದೆ. ಚಿನ್ನದ ಜೊತೆ ಅದೇ ಬಂಡೆಯಲ್ಲಿ ಆರ್ಸೆನಿಕ್ ಇರುವ ಅದಿರೂ ಇರುತ್ತದೆ, ಅದು ನೀರಿಗೆ ಇಳಿಯಿತು. ತಾಂಡಾದ ಜನರ ಎದೆ, ಬೆನ್ನಿನ ಮೇಲೆ ಮಳೆಹನಿ ಬಿದ್ದ ಹಾಗೆ ಕಪ್ಪು ಬಿಳಿ ಚುಕ್ಕೆ, ಅಂಗೈ ಅಂಗಾಲಿನಲ್ಲಿ ಗಟ್ಟಿ ಗಂಟು. ಕೆಲವರಿಗೆ ಚರ್ಮದ ಕ್ಯಾನ್ಸರ್. 2013ರಲ್ಲಿ ಇದರ ಅಧ್ಯಯನ ಪ್ರಕಟವಾಯಿತು.

ನಿಮ್ಮ ಮನೆಯಲ್ಲಿ ಯಾರಿಗಾದರೂ ಅಂಗೈ ಗಂಟು ಕಂಡರೆ ದುಡಿಮೆಯ ಗಂಟು ಅಂತ ಬಿಡಬೇಡಿ. ದುಡಿಮೆಯ ಗಂಟು ಹಿಡಿಕೆ ಹಿಡಿಯುವ ಜಾಗದಲ್ಲಿ ಇರುತ್ತದೆ. ಇದು ಜೋಳದ ಕಾಳಿನಷ್ಟು ದಪ್ಪ, ಅಂಗೈ ತುಂಬಾ, ಅಂಗಾಲಲ್ಲೂ. ಜಿಲ್ಲಾ ಆಸ್ಪತ್ರೆಯ ಚರ್ಮವೈದ್ಯರಿಗೆ ತೋರಿಸಿ, ಯಾವ ನೀರು ಕುಡಿಯುತ್ತೀರಿ ಅಂತಲೂ ಹೇಳಿ. ಅವರು ಕೇಳದಿದ್ದರೂ ನೀವೇ ಹೇಳಿ. ಇಂಥ ಊರಿಗೆ ಮನೆ ಫಿಲ್ಟರ್ ಕೊನೆಯ ದಾರಿ. ನೀರಿನ ಮೂಲ ಬದಲಾಗಬೇಕು, ಕೃಷ್ಣಾ ನೀರು ಬರಬೇಕು. ಚಿನ್ನದ ಗಣಿ ಇರುವ ರಾಯಚೂರು ಜಿಲ್ಲೆಯ ಹಟ್ಟಿಯ ಸುತ್ತಮುತ್ತಲಿನವರೂ ಬೋರ್ ನೀರು ಕುಡಿಯುತ್ತಿದ್ದರೆ ಆರ್ಸೆನಿಕ್ ಪರೀಕ್ಷೆ ಮಾಡಿಸಿಕೊಳ್ಳಿ.

ಬೋರ್ ನೀರು ಸವಳು, ಫ್ಲೋರೈಡ್ ಬೇರೆ. ಮಳೆ ನೀರು ಹಿಡಿದು ವರ್ಷಪೂರ್ತಿ ಕುಡಿಯೋದು ಆಗುವ ಮಾತಾ? ನಮ್ಮ ಕಡೆ ಮಳೆಯೇ ಕಡಿಮೆ. — ಯಲಬುರ್ಗಾ, ಕೊಪ್ಪಳ ಜಿಲ್ಲೆ

ಆಗುವ ಮಾತು, ಲೆಕ್ಕ ಹಾಕೋಣ ಬನ್ನಿ. ಒಂದು ಚದರ ಮೀಟರ್ ಮಾಳಿಗೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಮಾಳಿಗೆ ಸಾವಿರ ಚದರಡಿ ಅಂದರೆ 93 ಚದರ ಮೀಟರ್. ವರ್ಷಕ್ಕೆ 550 ಮಿಲಿಮೀಟರ್ ಮಳೆ ಅಂತ ಇಟ್ಟುಕೊಂಡರೆ 51 ಸಾವಿರ ಲೀಟರ್. ಕಾಲು ಭಾಗ ಹೀರಿ, ಆವಿಯಾಗಿ, ಚೆಲ್ಲಿ ಹೋದರೂ 38 ಸಾವಿರ. ಐದು ಜನಕ್ಕೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಅಂದರೆ ವರ್ಷಕ್ಕೆ ಹನ್ನೊಂದು ಸಾವಿರವೂ ಬೇಡ. ಮಳೆ ಕೈಕೊಟ್ಟ ವರ್ಷದಲ್ಲೂ ಸಾಕಾಗುತ್ತದೆ.

ಹಿಡಿದಿಡುವ ಜಾಗವೇ ಖರ್ಚಿನದ್ದು. ನವೆಂಬರಿನಿಂದ ಮೇ ಕೊನೆಯವರೆಗೆ ಸುಮಾರು 200 ದಿನ ಮಳೆ ನಂಬುವ ಹಾಗಿಲ್ಲ, ಅಷ್ಟಕ್ಕೆ 6000 ಲೀಟರ್ ಬೇಕು. ಸ್ವಲ್ಪ ಧಾರಾಳವಾಗಿ 8000ದಿಂದ 10,000 ಲೀಟರಿನ ತೊಟ್ಟಿ ಕಟ್ಟಿಸಿ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಿ, ಮಾಳಿಗೆ ತೊಳೆದುಹೋಗಲಿ. ಆಮೇಲಿನದ್ದು ಜಲ್ಲಿ, ಮರಳು, ಇದ್ದಿಲಿನ ಸೋಸುಗುಂಡಿಯ ಮೂಲಕ ಒಳಗೆ. ತೊಟ್ಟಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ. ಸೊಳ್ಳೆ ಹೋಗದ ಹಾಗೆ ಜಾಲರಿ. ಬಿಂದಿಗೆ ಮುಳುಗಿಸಬೇಡಿ, ಕೈಪಂಪು ಅಥವಾ ನಲ್ಲಿ ಇಡಿ. ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗಿಸುವವರು ಮಳೆಗಾಲದಲ್ಲಿ ಬೇರೆ ಜಾಗ ನೋಡಿಕೊಳ್ಳಬೇಕು, ಬೆಕ್ಕು ಪಾರಿವಾಳಗಳಿಗೆ ಮಾತ್ರ ನಾನೇನೂ ಹೇಳಲಾರೆ. ಕುಡಿಯುವ ಮುಂಚೆ ಕಾಯಿಸಿ. ಈ ನೀರಿಗೆ ಕಾಯಿಸುವುದೇ ಸರಿಯಾದ ಮದ್ದು, ಇದರಲ್ಲಿ ಬಂಡೆಯ ಉಪ್ಪು ಇಲ್ಲವಲ್ಲ.

ನೀರು ಪರೀಕ್ಷೆ ಪರೀಕ್ಷೆ ಅನ್ನುತ್ತೀರಿ, ಎಲ್ಲಿ ಮಾಡಿಸುವುದು? ಮಾಡಿಸಿದಮೇಲೆ ಕೆಟ್ಟದು ಅಂತ ಬಂದರೆ ಏನು ಮಾಡುವುದು? ನಮ್ಮ ಬೀದಿಯ ಬೋರ್‌ನಲ್ಲಿ ಫ್ಲೋರೈಡ್ 2.4 ಬಂದಿದೆ. ಪಿಡಿಒಗೆ ಹೇಳಿದರೆ "ಯಾರಿಗೂ ಹೇಳಬೇಡಮ್ಮಾ, ಗಲಾಟೆ ಆಗುತ್ತೆ" ಅಂದರು. — ಸ್ವಸಹಾಯ ಸಂಘದ ಸದಸ್ಯೆ, ಚಿಕ್ಕಬಳ್ಳಾಪುರ ಜಿಲ್ಲೆ

ಎಲ್ಲಿ ಅನ್ನುವುದು ಸುಲಭ. ಪಂಚಾಯ್ತಿಯಲ್ಲಿ ಪರೀಕ್ಷಾ ಕಿಟ್ ಇರಬೇಕು. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ಅದರ ತರಬೇತಿ ಕೊಡಬೇಕು ಅಂತಲೇ ಇದೆ, ನೀವು ಅವರಲ್ಲಿ ಒಬ್ಬರಿರಬೇಕು ಅನಿಸುತ್ತದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸಣ್ಣ ಗಾಜಿನ ಕೊಳವೆಗೆ ಗುರುತಿನವರೆಗೆ ನೀರು ಹಾಕಿ, ಕಿಟ್‌ನ ದ್ರಾವಣ ಹೇಳಿದಷ್ಟು ಹನಿ ಬಿಟ್ಟು ಅಲ್ಲಾಡಿಸಬೇಕು. ಫ್ಲೋರೈಡ್ ಕಡಿಮೆ ಇದ್ದರೆ ಗುಲಾಬಿ ಬಣ್ಣ ಹಾಗೇ ನಿಲ್ಲುತ್ತದೆ. ಜಾಸ್ತಿ ಇದ್ದಷ್ಟೂ ಗುಲಾಬಿ ಹೋಗಿ ಹಳದಿ ಕಡೆಗೆ ತಿರುಗುತ್ತದೆ. ಬಿಳಿ ಕಾಗದದ ಮುಂದೆ, ನೆರಳಿನಲ್ಲಿ ಹಿಡಿದು ಬಣ್ಣದ ಚೀಟಿಗೆ ಹೋಲಿಸಬೇಕು. ಬಿಸಿಲಿಗೆ ಹಿಡಿದರೆ ಬಣ್ಣ ಸರಿಯಾಗಿ ತಿಳಿಯುವುದಿಲ್ಲ. ದ್ರಾವಣದ ಬಾಟಲಿ ಮೇಲೆ ಅವಧಿ ಮುಗಿಯುವ ತಾರೀಕು ಇರುತ್ತದೆ, ಅದನ್ನು ಮೊದಲು ನೋಡಿ. ಬೀರುವಿನಲ್ಲಿ ಕೂತು ಅವಧಿ ಮುಗಿದ ಕಿಟ್‌ಗಳೇ ಜಾಸ್ತಿ.

ಕಿಟ್‌ನಲ್ಲಿ ಬಂದದ್ದು ಅಂದಾಜು. ಖಚಿತಕ್ಕೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ, ಜನರಿಂದಲೂ ಕಡಿಮೆ ಶುಲ್ಕಕ್ಕೆ ಮಾದರಿ ತೆಗೆದುಕೊಳ್ಳುತ್ತಾರೆ. ಪಂಪನ್ನು ಐದು ನಿಮಿಷ ಓಡಿಸಿ ನಿಂತ ನೀರು ಹೋದಮೇಲೆ, ಶುಚಿಯಾದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಎರಡು ಮೂರು ಸಲ ಕುಲುಕಿ ಚೆಲ್ಲಿ ತುಂಬಿಸಿ. ತಾರೀಕು, ಜಾಗ ಬರೆಯಿರಿ. ತಂಪು ಪಾನೀಯದ ಹಳೇ ಬಾಟಲಿ ಬೇಡ. ರೋಗಾಣು ಪರೀಕ್ಷೆಗೂ ಲೋಹಗಳ ಪರೀಕ್ಷೆಗೂ ಬೇರೆ ಬಾಟಲಿ, ಅದನ್ನು ಪ್ರಯೋಗಾಲಯದಿಂದಲೇ ಕೇಳಿ ತನ್ನಿ.

2.4 ಅಂದರೆ ಏನು? ಬಿಐಎಸ್ ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ದಾಟಬಾರದು, ಗತಿ ಇಲ್ಲದಿದ್ದರೆ 1.5ರವರೆಗೆ. ನಿಮ್ಮದು ಅದನ್ನು ದಾಟಿದೆ. ಇವತ್ತೇ ಯಾರಿಗೂ ಏನೂ ಆಗುವುದಿಲ್ಲ, ಆದರೆ ಆ ಬೀದಿಯ ಎಂಟು ವರ್ಷದೊಳಗಿನ ಮಕ್ಕಳಿಗೆ ಮತ್ತು ಬಸುರಿಯರಿಗೆ ಬೇರೆ ನೀರು ಕೂಡಲೇ ಬೇಕು. ಅಂಗನವಾಡಿ, ಶಾಲೆಯ ಬಿಸಿಯೂಟದ ಅಡುಗೆ ಯಾವ ನೀರಲ್ಲಿ ಆಗುತ್ತಿದೆ ಅಂತ ಮೊದಲು ಅದನ್ನೇ ವಿಚಾರಿಸಿ.

ಪಿಡಿಒ ಹೇಳಿದ್ದು ಸರಿಯಲ್ಲ. ನೀರಿನ ರಾಸಾಯನಿಕ ಪರೀಕ್ಷೆ ವರ್ಷಕ್ಕೆ ಒಂದು ಸಲ ಮಾಡಿಸಲೇಬೇಕು, ರೋಗಾಣು ಪರೀಕ್ಷೆ ಎರಡು ಸಲ. ಅದರ ಫಲಿತಾಂಶ ಗುಟ್ಟಲ್ಲ, ಊರಿನವರ ಸ್ವತ್ತು. ಆದರೂ ಅವರ ಜೊತೆ ಜಗಳಕ್ಕೆ ನಿಲ್ಲುವುದರಿಂದ ನೀರು ಬರುವುದಿಲ್ಲ. ಪ್ರಯೋಗಾಲಯದ ವರದಿ ಕೈಗೆ ಬರಲಿ. ನಿಮ್ಮ ಸಂಘದ ಎಲ್ಲರೂ ಸೇರಿ ಅರ್ಜಿ ಬರೆಯಿರಿ, ಒಬ್ಬರೇ ಹೋಗಬೇಡಿ. ಅರ್ಜಿಯಲ್ಲಿ ಮೂರು ಕೇಳಿ: ಆ ಬೋರ್‌ವೆಲ್‌ಗೆ "ಕುಡಿಯಲು ಅಲ್ಲ" ಅಂತ ಕೆಂಪು ಬಣ್ಣದಲ್ಲಿ ಬರೆಸುವುದು, ಅಲ್ಲಿಯವರೆಗೆ ಬೀದಿಗೆ ಬೇರೆ ಮೂಲದಿಂದ ದಿನಕ್ಕೆ ಇಷ್ಟು ಕೊಡ ಅಂತ ನೀರು ಕೊಡುವುದು, ಮತ್ತು ಮುಂದಿನ ಗ್ರಾಮಸಭೆಯ ಪಟ್ಟಿಯಲ್ಲಿ ಈ ವಿಷಯ ಸೇರಿಸುವುದು. ಎರಡು ಪ್ರತಿ ಮಾಡಿ. ಒಂದನ್ನು ಪಂಚಾಯ್ತಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಹದಿನೈದು ದಿನದಲ್ಲಿ ಏನೂ ಆಗದಿದ್ದರೆ ಅದೇ ಪ್ರತಿಯ ಜೆರಾಕ್ಸ್ ತಾಲ್ಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ, ಇನ್ನೊಂದು ತಾಲ್ಲೂಕು ಆರೋಗ್ಯ ಅಧಿಕಾರಿಗೆ. ಆಗಲೂ ಏನೂ ಆಗದಿದ್ದರೆ ನನಗೆ ಬರೆಯಿರಿ, ಸೀಲು ಹಾಕಿದ ಪ್ರತಿಯ ಫೋಟೊ ಜೊತೆಗಿರಲಿ.